ಪ್ರತಿರೂಪವಿಲ್ಲದ ಹೆಣ್ಣು: ‘ಫಿಯರ್ ಅಂಡ್ ಡಿಸೈರ್’ ಚಿತ್ರದ ಒಂದು ಜಾನಪದೀಯ ಓದು

೧

ಅಮೆರಿಕದ ಚಲನಚಿತ್ರ ನಿರ್ದೇಶಕ ಸ್ಟ್ಯಾನ್ಲಿ ಕ್ಯೂಬ್ರಿಕ್ (೧೯೨೮–೧೯೯೯) ನಿರ್ದೇಶಿಸಿದ ಕಥಾಚಿತ್ರಗಳು ಒಟ್ಟು ಹದಿಮೂರು. ಅವುಗಳಲ್ಲಿ ಮೊದಲನೆಯದು ‘ಫಿಯರ್ ಅಂಡ್ ಡಿಸೈರ್’. ಕನ್ನಡದಲ್ಲಿ ಇದನ್ನು ‘ಭಯ ಮತ್ತು ಬಯಕೆ’ ಎನ್ನಬಹುದು. ೧೯೫೩ರ ವಸಂತದಲ್ಲಿ ನ್ಯೂಯಾರ್ಕಿನಲ್ಲಿ ಇದು ತೆರೆಕಂಡಾಗ ನಿರ್ದೇಶಕನಿಗೆ ಇಪ್ಪತ್ತೈದು ವರ್ಷ ತುಂಬಿರಲಿಲ್ಲ. ಮುಂದೆ ‘೨೦೦೧: ಎ ಸ್ಪೇಸ್ ಒಡಿಸ್ಸಿ’ (೧೯೬೮), ‘ಎ ಕ್ಲಾಕ್‌ವರ್ಕ್ ಆರೆಂಜ್’ (೧೯೭೧) ಮೊದಲಾದ ಚಿತ್ರಗಳಿಂದ ಜಗತ್ಪ್ರಸಿದ್ಧನಾದ ಈ ನಿರ್ದೇಶಕ ತನ್ನ ಚೊಚ್ಚಲ ಚಿತ್ರವನ್ನು ಮಾತ್ರ ತನ್ನದೆಂದು ಹೇಳಿಕೊಳ್ಳಲು ಎಂದೂ ಇಷ್ಟಪಡಲಿಲ್ಲ. ೧೯೯೪ರಲ್ಲಿ ನ್ಯೂಯಾರ್ಕಿನ ಚಿತ್ರಮಂದಿರವೊಂದು ಅದನ್ನು ಪ್ರದರ್ಶಿಸಲು ಮುಂದಾದಾಗ, ಅದು ಹವ್ಯಾಸಿಯೊಬ್ಬನ ತಡವರಿಕೆಯ ಪ್ರಯತ್ನ ಎಂಬರ್ಥದ ಮಾತುಗಳನ್ನು ಅವನು ಪತ್ರಿಕೆಗಳಿಗೆ ತಲುಪಿಸಿದನೆಂಬುದು ಚಿತ್ರೇತಿಹಾಸದಲ್ಲಿ ದಾಖಲಾಗಿರುವ ಸಂಗತಿ.

ಆದರೂ ಚಿತ್ರ ಉಳಿದುಕೊಂಡಿತು. ರಾಚೆಸ್ಟರಿನ ಜಾರ್ಜ್ ಈಸ್ಟ್‌ಮನ್ ಹೌಸ್ ಸಂಗ್ರಹದಲ್ಲಿ ಅದರ ಪ್ರತಿಯೊಂದು ಇತ್ತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಚಿತ್ರವನ್ನು ಪುನರುಜ್ಜೀವಿಸಿದ ಮೇಲೆ ೨೦೧೨ರಲ್ಲಿ ಅದು ಮನೆಮನೆಯ ಪ್ರೇಕ್ಷಕರಿಗೂ ಲಭ್ಯವಾಯಿತು. ೧೯೫೨ರಲ್ಲಿ ವೆನಿಸ್‌ನಲ್ಲಿ ಬೇರೊಂದು ಶೀರ್ಷಿಕೆಯಡಿ ಪ್ರದರ್ಶಿತವಾಗಿದ್ದ, ಸುಮಾರು ಎಪ್ಪತ್ತು ನಿಮಿಷಗಳ ದೀರ್ಘ ಪ್ರತಿಯೂ ೨೦೨೪ರಲ್ಲಿ ಹೊರಬಂದಿತು. ಹೀಗೆ ಕರ್ತೃ ಕೈಬಿಟ್ಟ ಕೃತಿಯೊಂದು ಗ್ರಂಥಾಲಯಗಳ ಮೂಲಕ ಮರಳಿ ಬಂದಿದೆ.

ಮರಳಿ ಬಂದ ಈ ಕೃತಿಯನ್ನು ನೋಡುವ ಎರಡು ಕ್ರಮಗಳು ಈಗಾಗಲೇ ರೂಢಿಯಲ್ಲಿವೆ. ಮೊದಲನೆಯದು, ನಿರ್ದೇಶಕನ ಮಾತನ್ನೇ ಒಪ್ಪಿ ಇದನ್ನು ಎಳಸು ಕೃತಿಯೆಂದು ಬದಿಗಿಡುವುದು. ಎರಡನೆಯದು, ಮುಂದಿನ ಮಹಾಕೃತಿಗಳ ಬೀಜವನ್ನು ಇದರಲ್ಲಿ ಹುಡುಕಿ, ಸಿಕ್ಕ ಪ್ರತಿಯೊಂದು ಚೌಕಟ್ಟಿಗೂ ‘ಇಲ್ಲಿಯೇ ಪ್ರತಿಭೆಯ ಮೊಳಕೆಯಿದೆ’ ಎಂದು ಬೆರಗಾಗುವುದು. ಮೇಲುನೋಟಕ್ಕೆ ಇವು ಪರಸ್ಪರ ವಿರುದ್ಧವಾಗಿ ಕಂಡರೂ ಎರಡೂ ಕರ್ತೃಕೇಂದ್ರಿತವಾದವುಗಳೇ. ಎರಡೂ ನಂತರದ ಚಿತ್ರಗಳನ್ನು ಅಳತೆಗೋಲಾಗಿ ಹಿಡಿದು ಮೊದಲ ಚಿತ್ರವನ್ನು ಅಳೆಯುತ್ತವೆ. ಜಾನಪದ ಅಧ್ಯಯನ ಈ ಸಂದರ್ಭದಲ್ಲಿ ಮೂರನೆಯ ದಾರಿಯೊಂದನ್ನು ತೋರಿಸಬಲ್ಲುದು. ಒಂದು ಕಥೆಯ ಹಲವು ಪಾಠಗಳಿದ್ದಾಗ ಯಾವುದು ‘ಸರಿಯಾದ’ ಪಾಠ, ಯಾವುದು ‘ಕೆಟ್ಟ’ ಪಾಠ ಎಂದು ಜಾನಪದ ವಿದ್ವಾಂಸರು ಮೊದಲಿಗೆ ಕೇಳುವುದಿಲ್ಲ. ಯಾವ ಆಶಯ ಎಲ್ಲಿ ಉಳಿದಿದೆ, ಎಲ್ಲಿ ಪಲ್ಲಟಗೊಂಡಿದೆ, ಯಾವುದು ಬಿಟ್ಟುಹೋಗಿದೆ ಎಂದು ಕೇಳುತ್ತಾರೆ. ‘ಫಿಯರ್ ಅಂಡ್ ಡಿಸೈರ್’ ಚಿತ್ರವನ್ನು ಕ್ಯೂಬ್ರಿಕ್‌ನ ಮುಂದಿನ ಯುದ್ಧಚಿತ್ರಗಳ ಜೊತೆ ಹೀಗೆ ಪಾಠಾಂತರವೆಂದು ಓದಿದಾಗ ಕಾಣುವುದೇನು ಎಂಬುದು ಪ್ರಸ್ತುತ ಲೇಖನದ ವಿಚಾರ.

೨

ಚಿತ್ರದ ಕಥೆ ಸರಳವಾದುದು. ಹೆಸರಿಲ್ಲದ ಯುದ್ಧವೊಂದರಲ್ಲಿ ವಿಮಾನ ಅಪಘಾತಕ್ಕೀಡಾಗಿ ನಾಲ್ವರು ಸೈನಿಕರು ಶತ್ರುವಿನ ನೆಲದೊಳಗೆ ಸಿಕ್ಕಿಬೀಳುತ್ತಾರೆ. ಅವರೆಂದರೆ ಲೆಫ್ಟಿನೆಂಟ್ ಕೋರ್ಬಿ, ಸಾರ್ಜೆಂಟ್ ಮ್ಯಾಕ್, ಸಾಮಾನ್ಯ ಸೈನಿಕರಾದ ಫ್ಲೆಚರ್ ಮತ್ತು ಸಿಡ್ನಿ. ತೆಪ್ಪವೊಂದನ್ನು ಕಟ್ಟಿ ರಾತ್ರಿಯ ಕತ್ತಲಲ್ಲಿ ಹೊಳೆಯ ಮೇಲೆ ತೇಲಿ ತಮ್ಮವರ ಕಡೆಗೆ ಸೇರುವುದು ಅವರ ಯೋಜನೆ. ನಡುವೆ ಒಂದು ಮನೆಗೆ ನುಗ್ಗಿ, ಊಟಕ್ಕೆ ಕುಳಿತಿದ್ದ ಶತ್ರುಸೈನಿಕರನ್ನು ಕೊಂದು ಅವರ ಊಟವನ್ನೇ ತಾವು ಉಣ್ಣುತ್ತಾರೆ. ಮರುದಿನ ಹೊಳೆಯ ಬಳಿ ಆ ನೆಲದ ತರುಣಿಯೊಬ್ಬಳು ಅವರ ಕಣ್ಣಿಗೆ ಬೀಳುತ್ತಾಳೆ. ಆಕೆ ಸುಳಿವು ಕೊಟ್ಟಾಳೆಂದು ಹೆದರಿ ಅವಳನ್ನು ಹಿಡಿದು ಮರವೊಂದಕ್ಕೆ ಕಟ್ಟಿಹಾಕುತ್ತಾರೆ. ಕಾವಲಿಗೆ ಉಳಿದ ಸಿಡ್ನಿ ಮಾನಸಿಕ ಸ್ಥಿಮಿತ ಕಳೆದುಕೊಂಡು, ಕಟ್ಟು ಬಿಚ್ಚಿದಾಗ ಓಡಿದ ಆಕೆಯನ್ನು ಗುಂಡಿಟ್ಟು ಕೊಲ್ಲುತ್ತಾನೆ. ಹುಚ್ಚನಾಗಿ ಷೇಕ್ಸ್‌ಪಿಯರನ ‘ದಿ ಟೆಂಪೆಸ್ಟ್’ ನಾಟಕದ ಮಾಂತ್ರಿಕನ ಕುರಿತು ಬಡಬಡಿಸುತ್ತ ಕಾಡಿನಲ್ಲಿ ಮರೆಯಾಗುತ್ತಾನೆ. ಇತ್ತ ಮ್ಯಾಕ್‌ನ ಹಟಕ್ಕೆ ಮಣಿದು ಉಳಿದವರು ಹತ್ತಿರದಲ್ಲೇ ಬೀಡುಬಿಟ್ಟಿರುವ ಶತ್ರು ಸೇನಾಧಿಪತಿಯನ್ನು ಕೊಲ್ಲಲು ಹೊರಡುತ್ತಾರೆ. ಕಾವಲುಗಾರರ ಗಮನ ಸೆಳೆಯಲು ಮ್ಯಾಕ್ ಒಬ್ಬನೇ ತೆಪ್ಪದ ಮೇಲೆ ತೇಲುತ್ತಾನೆ. ಕೋರ್ಬಿ ಮತ್ತು ಫ್ಲೆಚರ್ ಸೇನಾಧಿಪತಿಯನ್ನೂ ಅವನ ಸಹಾಯಕನನ್ನೂ ಕೊಂದು ಶತ್ರುವಿನ ವಿಮಾನದಲ್ಲೇ ಪಾರಾಗುತ್ತಾರೆ. ಕೊನೆಯಲ್ಲಿ ಮಂಜು ಮುಸುಕಿದ ಹೊಳೆಯ ಮೇಲೆ ಮ್ಯಾಕ್ ಮತ್ತು ಸಿಡ್ನಿಯನ್ನು ಹೊತ್ತ ತೆಪ್ಪ ತೇಲಿಬರುತ್ತದೆ.

ಕಥೆಯನ್ನು ಬರೆದವನು ಕ್ಯೂಬ್ರಿಕ್‌ನ ಶಾಲಾಸಹಪಾಠಿ ಹೊವರ್ಡ್ ಸ್ಯಾಕ್ಲರ್. ಚಿತ್ರೀಕರಣ ನಡೆದದ್ದು ಕ್ಯಾಲಿಫೋರ್ನಿಯಾದ ಸ್ಯಾನ್ ಗೇಬ್ರಿಯಲ್ ಬೆಟ್ಟಗಳಲ್ಲಿ. ಬಂಧುಗಳಿಂದ ಪಡೆದ ಅಲ್ಪ ಹಣದಲ್ಲಿ ನಿರ್ದೇಶನ, ಛಾಯಾಗ್ರಹಣ, ಸಂಕಲನಗಳನ್ನು ಕ್ಯೂಬ್ರಿಕ್ ತಾನೇ ನಿರ್ವಹಿಸಿದನು. ಧ್ವನಿಯಿಲ್ಲದೆ ಚಿತ್ರೀಕರಿಸಿ ಮಾತುಗಳನ್ನು ಅನಂತರ ಲೇಪಿಸಿದ್ದರಿಂದ ಉಳಿತಾಯವಾಗುವ ಬದಲು ಖರ್ಚು ಹೆಚ್ಚಿತು. ಈ ಲೇಪನದ ಫಲವಾಗಿ ಮಾತು ಮತ್ತು ಮುಖ ಹಲವೆಡೆ ಒಂದಕ್ಕೊಂದು ಹೊಂದದೆ, ಪಾತ್ರಗಳ ದನಿ ಎಲ್ಲಿಂದಲೋ ಕೇಳಿಬರುವಂತೆ ಭಾಸವಾಗುತ್ತದೆ. ದೋಷವೆಂದು ಎಣಿಸಬಹುದಾದ ಈ ಅಂಶ ಚಿತ್ರಕ್ಕೆ ಕಥನದ ಗುಣವನ್ನು ತಂದುಕೊಟ್ಟಿದೆಯೆಂಬುದನ್ನೂ ಗಮನಿಸಬೇಕು. ಪಾತ್ರಗಳು ತಾವಾಗಿ ಮಾತನಾಡುತ್ತಿಲ್ಲ, ಯಾರೋ ಅವುಗಳ ಕಥೆಯನ್ನು ಹೇಳುತ್ತಿದ್ದಾರೆ ಎಂಬ ಭಾವ ಪ್ರೇಕ್ಷಕನಲ್ಲಿ ಉದ್ದಕ್ಕೂ ಉಳಿಯುತ್ತದೆ.

೩

ಚಿತ್ರದ ಆರಂಭದಲ್ಲಿ ನಿರೂಪಕನ ದನಿಯೊಂದು ಕೇಳಿಬರುತ್ತದೆ. ಈ ಕಾಡಿನಲ್ಲಿ ಯುದ್ಧವೊಂದು ನಡೆಯುತ್ತಿದೆ. ಅದು ಹಿಂದೆ ನಡೆದ ಯುದ್ಧವಲ್ಲ, ಮುಂದೆ ನಡೆಯುವುದೂ ಅಲ್ಲ, ಯಾವ ಯುದ್ಧವೂ ಆಗಬಹುದು. ಈ ಸೈನಿಕರಿಗೆ ನಮ್ಮ ಭಾಷೆಯಿದೆ, ನಮ್ಮ ಕಾಲವಿದೆ, ಆದರೆ ಮನಸ್ಸಿನ ಹೊರತು ಬೇರೆ ದೇಶವಿಲ್ಲ ಎಂಬುದು ಅದರ ಸಾರಾಂಶ. ಚಿತ್ರದ ತಾತ್ವಿಕ ಪ್ರತಿಜ್ಞೆಯೆಲ್ಲ ಈ ಕೆಲವೇ ಮಾತುಗಳಲ್ಲಿ ಅಡಕವಾಗಿದೆ.

ಜನಪದ ಕಥೆಯ ಆರಂಭವನ್ನು ಬಲ್ಲವರಿಗೆ ಇದು ಪರಿಚಿತವೆನಿಸುವುದು ಸಹಜ. ‘ಒಂದಾನೊಂದು ಊರಿನಲ್ಲಿ’ ಎಂದು ತೊಡಗುವ ಕಥೆಯೂ ಊರನ್ನು ಹೆಸರಿಸುವುದಿಲ್ಲ, ಕಾಲವನ್ನು ಗುರುತಿಸುವುದಿಲ್ಲ. ಯುರೋಪಿನ ಜನಪದ ಕಥೆಗಳ ರೂಪವನ್ನು ವಿವೇಚಿಸಿದ ಸ್ವಿಸ್ ವಿದ್ವಾಂಸ ಮಾಕ್ಸ್ ಲೂಥಿ ೧೯೪೭ರ ತನ್ನ ಗ್ರಂಥದಲ್ಲಿ ಇದನ್ನು ಆಳವಿಲ್ಲದಿರುವಿಕೆ, ಅಮೂರ್ತತೆ ಮೊದಲಾದ ಲಕ್ಷಣಗಳ ಮೂಲಕ ವಿವರಿಸಿದ್ದಾನೆ. ಕಥೆಯ ಪಾತ್ರಗಳಿಗೆ ಒಳಮನಸ್ಸಿನ ತೊಳಲಾಟಗಳಿಲ್ಲ, ಇತಿಹಾಸವಿಲ್ಲ. ಅವು ಸಮತಟ್ಟಾದ ಆಕೃತಿಗಳು. ಆ ಕಾರಣದಿಂದಲೇ ಅವು ಕೇಳುವ ಯಾರ ಬದುಕಿಗಾದರೂ ಹೊಂದಿಕೊಳ್ಳಬಲ್ಲವು.

ಆದರೆ ಜನಪದ ಕಥೆಯ ಅನಾಮಧೇಯತೆಗೂ ಈ ಚಿತ್ರದ ಅನಾಮಧೇಯತೆಗೂ ಮೂಲಭೂತವಾದ ವ್ಯತ್ಯಾಸವಿದೆ. ಜನಪದ ಕಥೆಗಾರ ಊರಿನ ಹೆಸರನ್ನು ಬಿಟ್ಟಾಗ ಆ ಜಾಗ ಖಾಲಿ ಉಳಿಯುವುದಿಲ್ಲ. ಕೇಳುವವರು ತಮ್ಮ ಕೆರೆಯನ್ನು, ತಮ್ಮ ಬೆಟ್ಟವನ್ನು ಅಲ್ಲಿ ಇಟ್ಟುಕೊಳ್ಳುತ್ತಾರೆ. ಪ್ರತಿ ಪ್ರದರ್ಶನದಲ್ಲಿ ಕಥೆ ಮತ್ತೆ ಒಂದು ನೆಲವನ್ನು ಪಡೆಯುತ್ತದೆ. ಎದುರಿಗಿರುವ ಕೇಳುಗನ ಮೇಲಿನ ನಂಬಿಕೆಯೇ ಅಲ್ಲಿನ ಅನಾಮಧೇಯತೆಗೆ ಆಧಾರ. ‘ಫಿಯರ್ ಅಂಡ್ ಡಿಸೈರ್’ ಚಿತ್ರದಲ್ಲಿ ಅನಾಮಧೇಯತೆ ಒಂದು ಘೋಷಣೆಯಾಗಿದೆ. ಇದು ಎಲ್ಲ ಯುದ್ಧಗಳ ಕಥೆ ಎಂದು ನಿರೂಪಕ ಮೊದಲೇ ತೀರ್ಮಾನ ಕೊಟ್ಟುಬಿಡುವುದರಿಂದ ಪ್ರೇಕ್ಷಕನಿಗೆ ತುಂಬಿಕೊಳ್ಳಲು ಏನೂ ಉಳಿಯುವುದಿಲ್ಲ. ಅನ್ಯೋಕ್ತಿಗೂ ಜನಪದ ಕಥೆಗೂ ಇರುವ ಭೇದ ಇದೇ. ಜನಪದ ಕಥೆ ಅರ್ಥವನ್ನು ಕೇಳುಗನಿಗೆ ಬಿಡುತ್ತದೆ, ಅನ್ಯೋಕ್ತಿ ಅರ್ಥವನ್ನು ಮೊದಲೇ ನಿಗದಿಪಡಿಸುತ್ತದೆ.

ಘೋಷಣೆಯ ಹೊರತಾಗಿಯೂ ನೆಲ ಮತ್ತು ಕಾಲ ಚಿತ್ರದೊಳಗೆ ನುಸುಳಿಬರುತ್ತವೆ. ಆಗ ಕೊರಿಯಾ ಯುದ್ಧ ನಡೆಯುತ್ತಿದ್ದಿತು. ೧೯೫೦ರ ಜೂನ್‌ನಲ್ಲಿ ತೊಡಗಿದ ಆ ಯುದ್ಧ ಕದನವಿರಾಮವನ್ನು ಕಂಡದ್ದು ೧೯೫೩ರ ಜುಲೈನಲ್ಲಿ, ಅಂದರೆ ಚಿತ್ರ ತೆರೆಕಂಡು ಸುಮಾರು ನಾಲ್ಕು ತಿಂಗಳ ಮೇಲೆ. ಅಮೆರಿಕನ್ ಉಚ್ಚಾರಣೆಯಲ್ಲಿ ಇಂಗ್ಲಿಷ್ ಮಾತನಾಡುವ ನಾಲ್ವರು ಸೈನಿಕರು ಅನ್ಯರ ನಾಡಿನ ಕಾಡಿನಲ್ಲಿ ಅಲೆಯುವುದನ್ನು ನ್ಯೂಯಾರ್ಕಿನ ಪ್ರೇಕ್ಷಕ ‘ಯಾವುದೋ’ ಯುದ್ಧವೆಂದು ನೋಡಿರಲಾರ. ಇಲ್ಲಿ ನಿರೂಪಕನ ಮಾತಿನ ಒಂದು ಪದ ನಿರ್ಣಾಯಕವಾಗುತ್ತದೆ. ಸೈನಿಕರಿಗೆ ‘ನಮ್ಮ’ ಭಾಷೆಯಿದೆ ಎಂದು ಅವನು ಹೇಳುತ್ತಾನೆ. ಎಲ್ಲ ಯುದ್ಧಗಳಿಗೂ ಅನ್ವಯಿಸುವ ಮನಸ್ಸಿನ ದೇಶ ಎಂದು ಕರೆದ ಆ ಜಾಗಕ್ಕೆ ಒಂದು ಭಾಷೆ ಇದೆಯೆಂದಮೇಲೆ ಆ ಭಾಷೆಯನ್ನು ಬಾರದವರು ಆ ದೇಶದ ಹೊರಗೆ ಉಳಿದಂತಾಯಿತು. ಹಾಗೆ ಹೊರಗುಳಿಯುವವಳು ಮರಕ್ಕೆ ಕಟ್ಟಿಸಿಕೊಂಡ ಆ ತರುಣಿ.

೪

ಚಿತ್ರದ ಅತ್ಯಂತ ಚರ್ಚಿತವಾದ ಯೋಜನೆ ಅದರ ಪಾತ್ರಹಂಚಿಕೆ. ಕೆನೆತ್ ಹಾರ್ಪ್ ಎಂಬ ನಟ ಲೆಫ್ಟಿನೆಂಟ್ ಕೋರ್ಬಿಯಾಗಿಯೂ ಶತ್ರು ಸೇನಾಧಿಪತಿಯಾಗಿಯೂ ನಟಿಸಿದ್ದಾನೆ. ಫ್ಲೆಚರ್‌ನ ಪಾತ್ರದ ಸ್ಟೀಫನ್ ಕೋಯಿಟ್ ಸೇನಾಧಿಪತಿಯ ಸಹಾಯಕನ ಪಾತ್ರವನ್ನೂ ವಹಿಸಿದ್ದಾನೆ. ಹೀಗಾಗಿ ಕೋರ್ಬಿ ಗುಂಡು ಹಾರಿಸಿದಾಗ ಅವನು ಕೊಲ್ಲುವುದು ತನ್ನದೇ ಮುಖವನ್ನು.

ತನ್ನ ಪ್ರತಿರೂಪವನ್ನು ತಾನೇ ಕಾಣುವುದು ಜನಪದ ನಂಬಿಕೆಗಳಲ್ಲಿ ಬಹು ವ್ಯಾಪಕವಾದ ಆಶಯ. ಸ್ಟಿತ್ ಥಾಮ್ಸನ್ ತನ್ನ ಆಶಯ ಸೂಚಿಯ ‘ಇ’ ವಿಭಾಗದಲ್ಲಿ, ಆತ್ಮಕ್ಕೆ ಸಂಬಂಧಿಸಿದ ಆಶಯಗಳ ನಡುವೆ, ದೇಹದಿಂದ ಬೇರ್ಪಟ್ಟು ಕಾಣಿಸಿಕೊಳ್ಳುವ ಪ್ರತಿರೂಪಗಳನ್ನು ದಾಖಲಿಸಿದ್ದಾನೆ. ಅದನ್ನು ಕಂಡವನು ಬೇಗನೆ ಸಾಯುತ್ತಾನೆಂಬ ನಂಬಿಕೆ ಅದರ ಒಂದು ಉಪಪ್ರಕಾರ. ಆಟೋ ರ‍್ಯಾಂಕ್ ೧೯೧೪ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ನೆರಳು, ಪ್ರತಿಬಿಂಬಗಳ ಕುರಿತ ನಂಬಿಕೆಗಳನ್ನು ಸಾಹಿತ್ಯದೊಡನೆ ಹೋಲಿಸಿ, ಮೊದಲು ಸಾವಿನ ವಿರುದ್ಧದ ಭರವಸೆಯಾಗಿದ್ದ ಪ್ರತಿರೂಪ ಕಾಲಾಂತರದಲ್ಲಿ ಸಾವಿನ ಮುನ್ಸೂಚನೆಯಾಗಿ ಮಾರ್ಪಟ್ಟಿತೆಂದು ವಾದಿಸಿದ್ದಾನೆ. ಸೇನಾಧಿಪತಿಯ ನಾಯಿಗೆ ‘ಪ್ರೋಟಿಯಸ್’ ಎಂದು ಹೆಸರಿಟ್ಟಿರುವುದೂ ಆಕಸ್ಮಿಕವಲ್ಲ. ಗ್ರೀಕ್ ಪುರಾಣದ ಪ್ರೋಟಿಯಸ್ ತನ್ನ ರೂಪವನ್ನು ಬದಲಿಸುತ್ತ ಹೋಗುವ ಕಡಲದೇವತೆ.

ಡೆನ್ಮಾರ್ಕಿನ ವಿದ್ವಾಂಸ ಆಕ್ಸೆಲ್ ಓಲ್ರಿಕ್ ೧೯೦೯ರಲ್ಲಿ ಪ್ರತಿಪಾದಿಸಿದ ಜನಪದ ಕಥನದ ನಿಯಮಗಳು ಇಲ್ಲಿ ಉಪಯುಕ್ತವಾಗುತ್ತವೆ. ಅವುಗಳಲ್ಲಿ ಒಂದು ವೈದೃಶ್ಯದ ನಿಯಮ. ಕಥೆಯಲ್ಲಿ ಎದುರುಬದುರಾಗುವವರು ಗುಣದಲ್ಲಿ ಪರಸ್ಪರ ವಿರುದ್ಧವಾಗಿರುತ್ತಾರೆ. ಇನ್ನೊಂದು ಅವಳಿಗಳ ನಿಯಮ. ಒಂದೇ ಪಾತ್ರವನ್ನು ಇಬ್ಬರು ವಹಿಸಿದಾಗ ಇಬ್ಬರೂ ಬಲಗುಂದಿದವರಾಗಿ ಚಿತ್ರಿತರಾಗುತ್ತಾರೆ. ‘ಫಿಯರ್ ಅಂಡ್ ಡಿಸೈರ್’ ಈ ಎರಡು ನಿಯಮಗಳನ್ನು ಒಂದರ ಮೇಲೊಂದು ಹೇರುತ್ತದೆ. ವೈರಿಗಳಾಗಬೇಕಾದವರು ಅವಳಿಗಳಾಗುತ್ತಾರೆ. ಅದರ ಪರಿಣಾಮವಾಗಿ ವೀರನೂ ಉಳಿಯುವುದಿಲ್ಲ, ಖಳನೂ ಉಳಿಯುವುದಿಲ್ಲ. ಗಾಯಗೊಂಡು ತೆವಳುತ್ತ ಹೊರಬರುವ ಸೇನಾಧಿಪತಿಯನ್ನು ಕೋರ್ಬಿ ಕೊಲ್ಲುವ ಕ್ಷಣದಲ್ಲಿ ವಿಜಯದ ಸುಳಿವೇ ಇಲ್ಲ. ಯುದ್ಧಚಿತ್ರಗಳು ವೀರಗಾಥೆಗಳಾಗಿದ್ದ ಕಾಲದಲ್ಲಿ ಇದೊಂದು ಧೈರ್ಯದ ನಡೆ ಎಂಬುದನ್ನು ಒಪ್ಪಲೇಬೇಕು.

ಚಿತ್ರವನ್ನು ಮೆಚ್ಚುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತಾರೆ. ಶತ್ರುವೆಂದರೆ ಬೇರಾರೂ ಅಲ್ಲ, ನಾವೇ ಎಂಬುದು ಚಿತ್ರದ ಸಂದೇಶವೆಂದೂ ಅದು ಮಾನವೀಯವೆಂದೂ ಹೇಳಲಾಗುತ್ತದೆ. ಆದರೆ ಕನ್ನಡಿಯಲ್ಲಿ ಯಾರು ಯಾರು ಕಾಣಿಸುತ್ತಾರೆ ಎಂದು ಎಣಿಸಿ ನೋಡಿದರೆ ಈ ಮಾನವೀಯತೆಯ ಎಲ್ಲೆ ಸ್ಪಷ್ಟವಾಗುತ್ತದೆ. ಲೆಫ್ಟಿನೆಂಟನಿಗೆ ಪ್ರತಿರೂಪವಿದೆ, ಸೈನಿಕನಿಗೂ ಪ್ರತಿರೂಪವಿದೆ. ಶತ್ರುಪಾಳೆಯದ ಅಧಿಕಾರಿಗಳಿಗೆ ನಮ್ಮ ಮುಖವೂ ಇದೆ, ನಮ್ಮ ಭಾಷೆಯೂ ಇದೆ, ಯುದ್ಧದ ಬಗ್ಗೆ ಬೇಸರಪಡುವ ಮನಸ್ಸೂ ಇದೆ. ಅದೇ ಶತ್ರುನಾಡಿನ ತರುಣಿಗೆ ಇವಾವುವೂ ಇಲ್ಲ. ಅವಳ ಮುಖ ಬೇರಾರಲ್ಲಿಯೂ ಮರಳಿ ಕಾಣುವುದಿಲ್ಲ. ಅವಳಿಗೆ ಹೆಸರಿಲ್ಲ. ನಟಿ ವರ್ಜೀನಿಯಾ ಲೀತ್ ವಹಿಸಿದ ಈ ಪಾತ್ರವನ್ನು ‘ಹುಡುಗಿ’ ಎಂದಷ್ಟೇ ಗುರುತಿಸಲಾಗಿದೆ. ಚಿತ್ರದಲ್ಲಿ ಪ್ರತಿರೂಪವನ್ನು ಪಡೆಯದ ಹೆಣ್ಣು ಇವಳು. ‘ಅವಳೂ ನಾವೇ’ ಎಂದು ಚಿತ್ರ ಎಲ್ಲಿಯೂ ಹೇಳುವುದಿಲ್ಲ.

೫

ಮರಕ್ಕೆ ಕಟ್ಟಿದ ಹೆಣ್ಣಿನ ಪ್ರಸಂಗ ಚಿತ್ರದ ಅತಿ ಶಕ್ತವಾದ ಭಾಗವೂ ಹೌದು, ಅತಿ ತೊಡಕಿನ ಭಾಗವೂ ಹೌದು. ಬಂಧಿತಳಾದ ಕನ್ಯೆ ಕಥಾಲೋಕದಲ್ಲಿ ಅಪರೂಪದವಳಲ್ಲ. ಗ್ರೀಕ್ ಪುರಾಣದಲ್ಲಿ ಬಂಡೆಗೆ ಬಿಗಿಯಲ್ಪಟ್ಟ ಆಂಡ್ರೋಮಿಡಾಳಿಂದ ಹಿಡಿದು ಘಟಸರ್ಪದ ಪಾಲಿಗೆ ಬಿಟ್ಟ ರಾಜಕುಮಾರಿಯರವರೆಗೆ ಈ ಆಶಯ ಹರಡಿದೆ. ಆ ಕಥೆಗಳಲ್ಲಿ ಕಟ್ಟಿದವನು ಒಬ್ಬ, ಬಿಡಿಸುವವನು ಮತ್ತೊಬ್ಬ. ಕಟ್ಟಿದವನು ರಾಕ್ಷಸನಾದರೆ ಬಿಡಿಸುವವನು ವೀರ. ವ್ಲಾದಿಮಿರ್ ಪ್ರಾಪ್ ೧೯೨೮ರಲ್ಲಿ ಕಥೆಯ ಕ್ರಿಯಾಘಟಕಗಳನ್ನು ವಿಂಗಡಿಸಿದಾಗಲೂ ಖಳನ ಕೇಡು ಮತ್ತು ನಾಯಕನ ಬಿಡುಗಡೆ ಬೇರೆ ಬೇರೆ ಪಾತ್ರವಲಯಗಳಿಗೆ ಸೇರಿದ್ದವು.

ಈ ಚಿತ್ರದಲ್ಲಿ ಕಾಯುವವನು, ಬಿಚ್ಚುವವನು, ಕೊಲ್ಲುವವನು ಒಬ್ಬನೇ. ಪಾಲ್ ಮಜರ್‌ಸ್ಕಿ ಅಭಿನಯಿಸಿದ ಸಿಡ್ನಿ ಮೊದಲು ಆಕೆಯನ್ನು ನಗಿಸಲು ಸೇನಾಧಿಪತಿ ಊಟ ಮಾಡುವ ರೀತಿಯನ್ನು ಅಣಕಿಸಿ ತೋರಿಸುತ್ತಾನೆ. ಹೊಳೆಯಿಂದ ಬೊಗಸೆಯಲ್ಲಿ ನೀರು ತಂದು ಕುಡಿಸುತ್ತಾನೆ. ಬಾಯಾರಿದವರಿಗೆ ನೀರು ಕೊಡುವುದು ಕಥೆಗಳಲ್ಲಿ ಸಂಬಂಧವೊಂದರ ಆರಂಭ. ಹಾಗೆ ಕೊಟ್ಟವನನ್ನು ಕಥೆ ಕೈಬಿಡುವುದಿಲ್ಲ. ಇಲ್ಲಿಯಾದರೋ ನೀರು ಕೊಟ್ಟ ಕೈಯೇ ಸ್ವಲ್ಪ ಹೊತ್ತಿನಲ್ಲಿ ಬಂದೂಕು ಹಿಡಿಯುತ್ತದೆ. ದಾನಿ, ರಕ್ಷಕ, ಖಳ ಎಂಬ ಮೂರು ಪಾತ್ರವಲಯಗಳು ಒಬ್ಬನೇ ತರುಣನಲ್ಲಿ ಕುಸಿದುಬೀಳುವುದೇ ಅವನ ಹುಚ್ಚಿನ ಸ್ವರೂಪ. ಶೀರ್ಷಿಕೆಯಲ್ಲಿರುವ ‘ಭಯ’ ಮತ್ತು ‘ಬಯಕೆ’ ಎಂಬೆರಡು ಪದಗಳು ಜೊತೆಗೂಡುವುದು ಈ ಪ್ರಸಂಗದಲ್ಲಿಯೇ.

ಇಷ್ಟಾದರೂ ಚಿತ್ರದ ಕಣ್ಣು ನೆಟ್ಟಿರುವುದು ಸಿಡ್ನಿಯ ಮೇಲೆ. ಅವನ ಹುಚ್ಚು ದುರಂತವಾಗುತ್ತದೆ, ಅವಳ ಸಾವು ಆ ದುರಂತಕ್ಕೆ ಕಾರಣವಾಗಿ ಮಾತ್ರ ಒದಗುತ್ತದೆ. ಕೊಲೆಯ ಅನಂತರ ಕಥೆ ಸೇನಾಧಿಪತಿಯ ಕಡೆಗೆ ಸರಿಯುತ್ತದೆ. ಕೊನೆಯಲ್ಲಿ ತೆಪ್ಪದ ಮೇಲೆ ತೇಲಿಬರುವವರು ಮ್ಯಾಕ್ ಮತ್ತು ಸಿಡ್ನಿ. ಹೆಣ್ಣಿಗಾಗಿ ಶೋಕಿಸುವವರು ಚಿತ್ರದೊಳಗೆ ಯಾರೂ ಇಲ್ಲ. ‘ಯಾವ ಯುದ್ಧವೂ ಆಗಬಹುದು’ ಎಂಬ ಘೋಷಣೆ ಎಲ್ಲಿ ಸೋಲುತ್ತದೆಯೆಂಬುದು ಈಗ ತಿಳಿಯುತ್ತದೆ. ಚಿತ್ರದ ಸೋಲನ್ನು ತಾಂತ್ರಿಕ ಅಪಕ್ವತೆಯಲ್ಲಿ ಹುಡುಕುವುದು ವ್ಯರ್ಥ. ಯುದ್ಧದ ಸಾರ್ವತ್ರಿಕತೆಯನ್ನು ಸೈನಿಕರ ಸಾರ್ವತ್ರಿಕತೆಯಾಗಿ ಕುಗ್ಗಿಸಿದಲ್ಲಿ ಅದರ ನಿಜವಾದ ಸೋಲಿದೆ.

೬

ಕ್ಯೂಬ್ರಿಕ್ ಈ ಚಿತ್ರವನ್ನು ಕೈಬಿಟ್ಟನೇ ಹೊರತು ಈ ಪ್ರಸಂಗವನ್ನು ಕೈಬಿಡಲಿಲ್ಲ. ಅವನ ಮುಂದಿನ ಎರಡು ಯುದ್ಧಚಿತ್ರಗಳ ಮುಕ್ತಾಯದಲ್ಲಿ ಶತ್ರುನಾಡಿನ ಹೆಣ್ಣು ಮತ್ತೆ ಸೈನಿಕರ ಎದುರಿಗೆ ಬರುತ್ತಾಳೆ.

೧೯೫೭ರ ‘ಪಾಥ್ಸ್ ಆಫ್ ಗ್ಲೋರಿ’ ಮೊದಲನೆಯ ಮಹಾಯುದ್ಧದ ಫ್ರೆಂಚ್ ಸೇನೆಯ ಕಥೆ. ಹಂಫ್ರಿ ಕಾಬ್‌ನ ೧೯೩೫ರ ಕಾದಂಬರಿ ಅದಕ್ಕೆ ಆಧಾರ. ಅಸಾಧ್ಯವಾದ ದಾಳಿಯೊಂದು ವಿಫಲವಾದಾಗ, ಹೇಡಿತನದ ಆರೋಪದ ಮೇಲೆ ಮೂವರು ಸೈನಿಕರನ್ನು ತಮ್ಮವರೇ ಗುಂಡಿಟ್ಟು ಕೊಲ್ಲುತ್ತಾರೆ. ಕಾದಂಬರಿ ಈ ಮರಣದಂಡನೆಯೊಂದಿಗೆ ಮುಗಿಯುತ್ತದೆ. ಚಿತ್ರ ಮಾತ್ರ ಮತ್ತೊಂದು ದೃಶ್ಯವನ್ನು ಸೇರಿಸಿಕೊಂಡಿದೆ. ಸೆರೆಸಿಕ್ಕ ಜರ್ಮನ್ ತರುಣಿಯೊಬ್ಬಳನ್ನು ಹೋಟೆಲಿನ ವೇದಿಕೆಗೆ ಎಳೆದುತಂದು ಹಾಡಲು ಒತ್ತಾಯಿಸಲಾಗುತ್ತದೆ. ಸೈನಿಕರು ಸಿಳ್ಳೆ ಹೊಡೆದು ಕೂಗಾಡುತ್ತಾರೆ. ಅಳುತ್ತಲೇ ಅವಳು ಹಾಡತೊಡಗುವುದು ‘ನಿಷ್ಠಾವಂತ ಹುಸಾರ್’ ಎಂಬರ್ಥದ ಜರ್ಮನ್ ಜನಪದ ಗೀತೆಯನ್ನು. ದೂರದೇಶಕ್ಕೆ ಹೋದ ಸೈನಿಕ ತನ್ನ ನಲ್ಲೆಯ ಕಾಯಿಲೆಯ ಸುದ್ದಿ ಕೇಳಿ ಮರಳಿದಾಗ ಅವಳು ಸಾಯುವುದು ಆ ಹಾಡಿನ ವಸ್ತು. ಕೂಗಾಟ ಅಡಗುತ್ತದೆ. ಮಾತು ಅರ್ಥವಾಗದಿದ್ದರೂ ಸೈನಿಕರು ಆ ಧಾಟಿಯನ್ನು ಗುನುಗತೊಡಗುತ್ತಾರೆ, ಅವರ ಕಣ್ಣುಗಳು ಒದ್ದೆಯಾಗುತ್ತವೆ.

ಈ ದೃಶ್ಯದಲ್ಲಿ ಮೊದಲ ಪಾಠದ ಎಲ್ಲ ಘಟಕಗಳೂ ಇವೆ: ಬಂಧಿತಳಾದ ಅನ್ಯನಾಡಿನ ಹೆಣ್ಣು, ಅವಳ ಸುತ್ತಲಿನ ಗಂಡಸರ ಬಯಕೆ, ನಡುವೆ ಭಾಷೆಯ ಗೋಡೆ. ಬದಲಾಗಿರುವುದು ಒಂದೇ. ಹೆಣ್ಣಿಗೆ ದನಿ ಬಂದಿದೆ. ಆ ದನಿ ಅವಳದೇ ಭಾಷೆಯದು. ಕರ್ತೃವಿಲ್ಲದ ಜನಪದ ಗೀತೆಯೊಂದು ಇಲ್ಲಿ ವಹಿಸುವ ಪಾತ್ರ ಗಮನಾರ್ಹ. ನಿರೂಪಕನ ಘೋಷಣೆ ಮೊದಲ ಚಿತ್ರದಲ್ಲಿ ಸಾಧಿಸಲಾಗದ ಸಾರ್ವತ್ರಿಕತೆಯನ್ನು ನಿರ್ದಿಷ್ಟ ನಾಡಿನ, ನಿರ್ದಿಷ್ಟ ಭಾಷೆಯ ಹಾಡು ಕೆಲವೇ ನಿಮಿಷಗಳಲ್ಲಿ ಸಾಧಿಸುತ್ತದೆ. ಎಲ್ಲೆಡೆಗೂ ಸಲ್ಲಬೇಕಾದರೆ ಮೊದಲು ಒಂದೆಡೆಗೆ ಸಲ್ಲಬೇಕು ಎಂಬ ತತ್ತ್ವಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ.

೧೯೮೭ರ ‘ಫುಲ್ ಮೆಟಲ್ ಜಾಕೆಟ್’ ಗುಸ್ತಾವ್ ಹ್ಯಾಸ್‌ಫರ್ಡ್‌ನ ಕಾದಂಬರಿಯನ್ನು ಆಧರಿಸಿದ ವಿಯೆಟ್ನಾಂ ಯುದ್ಧದ ಚಿತ್ರ. ಅದರ ಕೊನೆಯ ಭಾಗ ನಡೆಯುವುದು ೧೯೬೮ರ ಹುಯೆ ನಗರದಲ್ಲಿ. ಪಾಳುಬಿದ್ದ ಕಟ್ಟಡದ ಮರೆಯಿಂದ ಸ್ನೈಪರ್ ಒಬ್ಬರು ಅಮೆರಿಕನ್ ಸೈನಿಕರನ್ನು ಒಬ್ಬೊಬ್ಬರಾಗಿ ಹೊಡೆದುರುಳಿಸುತ್ತಾರೆ. ಒಳನುಗ್ಗಿ ನೋಡಿದಾಗ ಆ ಸ್ನೈಪರ್ ಒಬ್ಬ ಎಳೆಯ ಹುಡುಗಿ. ಗುಂಡು ತಗುಲಿ ನೆಲಕ್ಕೊರಗಿದ ಆಕೆಯ ಸುತ್ತ ಸೈನಿಕರು ನಿಲ್ಲುತ್ತಾರೆ. ಅವಳು ತನ್ನ ಭಾಷೆಯಲ್ಲಿ ಪ್ರಾರ್ಥಿಸುತ್ತಾಳೆ. ಬಳಿಕ ತನ್ನನ್ನು ಕೊಂದುಬಿಡಿ ಎಂದು ಅವರ ಭಾಷೆಯಲ್ಲಿ ಬೇಡುತ್ತಾಳೆ. ಜೋಕರ್ ಎಂಬ ಅಡ್ಡಹೆಸರಿನ ಸೈನಿಕ ಅವಳನ್ನು ಕೊಲ್ಲುತ್ತಾನೆ.

ಪ್ರತಿರೂಪದ ಆಶಯವೂ ಇಲ್ಲಿ ಸ್ಥಾನ ಬದಲಿಸಿದೆ. ಜೋಕರ್‌ನ ಶಿರಸ್ತ್ರಾಣದ ಮೇಲೆ ತಾನು ಕೊಲ್ಲಲೆಂದೇ ಹುಟ್ಟಿದವನೆಂಬ ಬರಹವಿದೆ, ಅಂಗಿಯ ಮೇಲೆ ಶಾಂತಿಯ ಬಿಲ್ಲೆಯಿದೆ. ಅದೇಕೆಂದು ಅಧಿಕಾರಿಯೊಬ್ಬ ಕೇಳಿದಾಗ ಅವನು ಮನುಷ್ಯನ ದ್ವಂದ್ವದ ಮಾತೆತ್ತುತ್ತಾನೆ. ಮೊದಲ ಚಿತ್ರದಲ್ಲಿ ಎರಡು ದೇಹಗಳಿಗೆ ಹಂಚಿಹೋಗಿದ್ದ ಒಂದು ಮುಖ ಇಲ್ಲಿ ಒಂದೇ ದೇಹದೊಳಗಿನ ಎರಡು ಗುರುತುಗಳಾಗಿವೆ. ನಡುವಿನ ‘ಡಾಕ್ಟರ್ ಸ್ಟ್ರೇಂಜ್‌ಲವ್’ (೧೯೬೪) ಚಿತ್ರದಲ್ಲಿ ಪೀಟರ್ ಸೆಲರ್ಸ್ ಒಬ್ಬನೇ ಮೂರು ಪಾತ್ರಗಳನ್ನು ವಹಿಸಿದ್ದನ್ನೂ ಈ ಸರಣಿಗೆ ಸೇರಿಸಿಕೊಳ್ಳಬಹುದು.

ಮೂರೂ ಪಾಠಗಳನ್ನು ಅಕ್ಕಪಕ್ಕದಲ್ಲಿಟ್ಟರೆ ಪಲ್ಲಟದ ಕ್ರಮ ಗೋಚರಿಸುತ್ತದೆ. ಮೊದಲ ಪಾಠದಲ್ಲಿ ಹೆಣ್ಣಿನ ಮಾತಿಗೆ ಸ್ಥಾನವಿಲ್ಲ, ಕೈಗಳು ಕಟ್ಟಲ್ಪಟ್ಟಿವೆ. ಎರಡನೆಯದರಲ್ಲಿ ಹಾಡಿದೆ, ಕೈ ಬರಿದಾಗಿದೆ. ಮೂರನೆಯದರಲ್ಲಿ ಕೈಯಲ್ಲಿ ಬಂದೂಕಿದೆ, ಬಾಯಲ್ಲಿ ಶತ್ರುವಿನ ಭಾಷೆಯಿದೆ. ಇದನ್ನು ಪ್ರಗತಿಯೆಂದು ಕರೆಯುವುದು ಆತುರದ ತೀರ್ಮಾನವಾದೀತು. ಶತ್ರುವಿನ ಭಾಷೆಯಲ್ಲಿ ಆಕೆ ಕೇಳುವುದು ಸಾವನ್ನು. ಮೊದಲ ಚಿತ್ರದ ತರುಣಿ ಓಡುತ್ತಿದ್ದಾಗ ಕೊಲೆಯಾದಳು, ಕೊನೆಯ ಚಿತ್ರದ ಹುಡುಗಿ ಕೊಲ್ಲೆಂದು ಬೇಡಿ ಕೊಲೆಯಾದಳು. ಆದರೆ ಒಂದು ವ್ಯತ್ಯಾಸ ಉಳಿಯುತ್ತದೆ. ಸಿಡ್ನಿ ಕೊಂದ ಮೇಲೆ ಹುಚ್ಚನ್ನು ಆಶ್ರಯಿಸಿ ಅವಳ ಎದುರಿನಿಂದ ಪಾರಾದನು. ಜೋಕರ್‌ನಿಗೆ ಆ ಅವಕಾಶವಿಲ್ಲ. ಅವನು ಅವಳ ಮುಖವನ್ನು ನೋಡುತ್ತ ನಿಲ್ಲಬೇಕು, ಅವಳು ಹೇಳಿದ್ದು ಅರ್ಥವಾಗಿಯೇ ಗುಂಡು ಹಾರಿಸಬೇಕು. ಪ್ರತಿರೂಪವಿಲ್ಲದೆ ಉಳಿದಿದ್ದ ಹೆಣ್ಣು ಮೂವತ್ತನಾಲ್ಕು ವರ್ಷಗಳ ಬಳಿಕ ಆಯುಧ ಹಿಡಿದು, ಸೈನಿಕನ ಸರಿಸಮಕ್ಕೆ, ಅವನ ಪ್ರತಿರೂಪವಾಗಿ ಬಂದಿದ್ದಾಳೆ. ಅವಳನ್ನು ಕಾಣುವುದು ಸಾವಿನ ಮುನ್ಸೂಚನೆಯೆಂಬ ಹಳೆಯ ನಂಬಿಕೆ ಇಲ್ಲಿ ಅಕ್ಷರಶಃ ನಿಜವಾಗುತ್ತದೆ.

೭

ಈ ಓದಿಗೆ ಎರಡು ಆಕ್ಷೇಪಗಳು ಬರಬಹುದು. ಒಬ್ಬ ನಿರ್ದೇಶಕನ ಚಿತ್ರಗಳನ್ನು ಸಮುದಾಯದ ಕಥೆಗಳಂತೆ ಪಾಠಾಂತರಗಳೆಂದು ಪರಿಗಣಿಸುವುದು ಸರಿಯೇ ಎಂಬುದು ಮೊದಲನೆಯದು. ಮೂರು ಚಿತ್ರಗಳ ಕಥಾಮೂಲಗಳು ಬೇರೆ ಬೇರೆ ಲೇಖಕರವು. ಸ್ಯಾಕ್ಲರ್ ಬರೆದ ಬಂಧಿತ ಹೆಣ್ಣು, ಕಾಬ್‌ನ ಕಾದಂಬರಿಯಲ್ಲಿಲ್ಲದ ಹಾಡುವ ಹೆಣ್ಣು, ಹ್ಯಾಸ್‌ಫರ್ಡ್‌ನಿಂದ ಪಡೆದ ಬಂದೂಕಿನ ಹೆಣ್ಣು ಒಂದೇ ಬುದ್ಧಿಯ ಸೃಷ್ಟಿಗಳಲ್ಲ. ಈ ಸಂಗತಿ ಪ್ರಸ್ತುತ ವಾದವನ್ನು ದುರ್ಬಲಗೊಳಿಸುವ ಬದಲು ಬೆಂಬಲಿಸುತ್ತದೆ. ಜನಪದ ಕಥೆಗಾರನೂ ಕಥೆಯನ್ನು ಸೃಷ್ಟಿಸುವುದಿಲ್ಲ. ಕೇಳಿದ್ದರಲ್ಲಿ ಆಯ್ದುಕೊಳ್ಳುತ್ತಾನೆ, ಬೇಕಾದ ಕಡೆ ಇರಿಸುತ್ತಾನೆ. ಯಾವುದನ್ನು ಮತ್ತೆ ಮತ್ತೆ ಆಯ್ದುಕೊಳ್ಳುತ್ತಾನೆ ಎಂಬುದರಲ್ಲಿ ಅವನ ಮುದ್ರೆಯಿರುತ್ತದೆ.

ಕರ್ತೃವೇ ತಿರಸ್ಕರಿಸಿದ ಕೃತಿಯನ್ನು ಉಳಿಸಿ ಓದುವುದು ನ್ಯಾಯವೇ ಎಂಬುದು ಎರಡನೆಯ ಆಕ್ಷೇಪ. ಕ್ಷೇತ್ರಕಾರ್ಯ ಮಾಡಿದವರಿಗೆ ಈ ಪ್ರಶ್ನೆ ಹೊಸದಲ್ಲ. ಹಾಡಿ ಮುಗಿಸಿದ ವಕ್ತೃ ‘ಇದು ಸರಿಯಾಗಲಿಲ್ಲ, ಅಳಿಸಿಬಿಡಿ’ ಎಂದಾಗ ಸಂಗ್ರಾಹಕ ಏನು ಮಾಡಬೇಕು ಎಂಬುದು ಜಾನಪದ ಸಂಗ್ರಹದ ನೈತಿಕತೆಯ ಕಠಿಣ ಪ್ರಶ್ನೆ. ಮಿಲ್‌ಮನ್ ಪ್ಯಾರಿ ಮತ್ತು ಆಲ್ಬರ್ಟ್ ಲಾರ್ಡ್ ೧೯೩೦ರ ದಶಕದಲ್ಲಿ ಯುಗೊಸ್ಲಾವಿಯದ ಗಾಯಕರಿಂದ 'ಒಂದೇ' ಕಾವ್ಯವನ್ನು ಹಲವು ಸಲ ಧ್ವನಿಮುದ್ರಿಸಿಕೊಂಡರು. ಪದಕ್ಕೆ ಪದ ಅದನ್ನೇ ಹಾಡಿದ್ದೇನೆಂದು ಗಾಯಕರು ನಂಬಿದ್ದರೂ ಪಾಠಗಳು ಭಿನ್ನವಾಗಿದ್ದವು. ಲಾರ್ಡ್‌ನ ೧೯೬೦ರ ಗ್ರಂಥಕ್ಕೆ ಈ ಶೋಧವೇ ಬುನಾದಿ. ಕ್ಯೂಬ್ರಿಕ್‌ನದು ಇದರ ತಿರುವುಮುರುವು. ಅದೇ ಕಥೆಯನ್ನು ಮತ್ತೆ ಹೇಳುತ್ತಲೇ ಮೊದಲು ಹೇಳಿದ್ದು ತನ್ನದಲ್ಲವೆಂಬಂತೆ ನಡೆದುಕೊಂಡನು. ಗಾಯಕರ ನಂಬಿಕೆಯನ್ನು ಹೇಗೆ ಅಕ್ಷರಶಃ ಒಪ್ಪಲಾಗದೋ ಹಾಗೆಯೇ ನಿರ್ದೇಶಕನ ನಿರಾಕರಣೆಯನ್ನೂ ಒಪ್ಪಬೇಕಾಗಿಲ್ಲ. ಆದರೆ ಎರಡನ್ನೂ ಪಾಠದ ಜೊತೆಗೆ ದಾಖಲಿಸಬೇಕು.

ಕೃತಿ ಸಾರ್ವಜನಿಕವಾಗಿ ಪ್ರದರ್ಶಿತವಾದ ಮೇಲೆ ಅದು ಕರ್ತೃವಿನ ಸ್ವತ್ತು ಮಾತ್ರವಾಗಿ ಉಳಿಯುವುದಿಲ್ಲವೆಂಬ ನಿಲುವಿನಿಂದ ಸಂಗ್ರಹಾಲಯಗಳು ಈ ಚಿತ್ರವನ್ನು ಉಳಿಸಿವೆ. ಆ ನಿಲುವು ಸಮರ್ಥನೀಯ. ಆದರೆ ಉಳಿಸಿದವರ ಮೇಲೆ ಒಂದು ಹೊಣೆಯೂ ಇದೆ. ಪ್ರಸಿದ್ಧನ ಬಾಲ್ಯದ ಕುತೂಹಲವಾಗಿ ಮಾತ್ರ ಇದನ್ನು ತೋರಿಸಿದರೆ ನಿರ್ದೇಶಕನ ಇಚ್ಛೆಯನ್ನು ಮೀರಿದ್ದಕ್ಕೆ ತಕ್ಕ ಕಾರಣ ದೊರೆಯುವುದಿಲ್ಲ. ವೆನಿಸ್‌ನ ದೀರ್ಘ ಪ್ರತಿಯನ್ನೂ ನ್ಯೂಯಾರ್ಕಿನ ಕಿರಿದಾದ ಪ್ರತಿಯನ್ನೂ ಬೆರೆಸದೆ ಪ್ರತ್ಯೇಕ ಪಾಠಗಳಾಗಿ ಸೂಚೀಕರಿಸುವುದು, ಮುಂದಿನ ಯುದ್ಧಚಿತ್ರಗಳ ಜೊತೆಯಲ್ಲಿಟ್ಟು ಅಧ್ಯಯನಕ್ಕೆ ಒದಗಿಸುವುದು ಅಗತ್ಯ.

ಒಟ್ಟಿನಲ್ಲಿ ‘ಫಿಯರ್ ಅಂಡ್ ಡಿಸೈರ್’ ಚಿತ್ರದ ಮಹತ್ವ ಅದರ ಘೋಷಿತ ತತ್ತ್ವದಲ್ಲಿಲ್ಲ. ಶತ್ರುವಿನಲ್ಲಿ ತನ್ನ ಮುಖವನ್ನು ಕಾಣುವ ಸೈನಿಕನ ಚಿತ್ರ ಯುದ್ಧವಿರೋಧಿ ಕಲೆಯಲ್ಲಿ ಇಂದು ಸವೆದ ನಾಣ್ಯವಾಗಿದೆ. ತನ್ನ ಮುಖವಿಲ್ಲದವರನ್ನು, ತನ್ನ ಭಾಷೆಯಿಲ್ಲದವರನ್ನು ಆ ಕನ್ನಡಿ ತೋರಿಸುವುದಿಲ್ಲ. ಯುದ್ಧದಲ್ಲಿ ಸಾಯುವವರಲ್ಲಿ ಸೈನಿಕರಲ್ಲದವರು ಎಷ್ಟೊಂದು ಮಂದಿ ಎಂಬುದನ್ನು ನೆನೆದರೆ ಈ ಕುರುಡು ಸಣ್ಣದಲ್ಲ. ಈ ಕುರುಡು ಮರೆಯಾಗದೆ ಎದ್ದುಕಾಣುವಂತೆ ಉಳಿದಿರುವುದು ಈ ಎಳಸು ಚಿತ್ರದಲ್ಲಿ. ಮುಂದಿನ ಚಿತ್ರಗಳ ಕೊನೆಯಲ್ಲಿ ಹಾಡಿದ ಹೆಣ್ಣೂ ಬಂದೂಕು ಹಿಡಿದ ಹೆಣ್ಣೂ ಯಾವ ಸಾಲವನ್ನು ತೀರಿಸಲು ಬಂದರು ಎಂಬುದನ್ನು ಅರಿಯಲು, ಮರಕ್ಕೆ ಕಟ್ಟಿದ ಹೆಸರಿಲ್ಲದ ಹೆಣ್ಣನ್ನು ಮೊದಲು ನೋಡಬೇಕಾಗುತ್ತದೆ.